ಔಷಧಿ ಪಂಪಿನ ಇನ್ನೊಂದು ಕೆಲಸ

ಶಿರಾಡಿ ಘಾಟಿಯ ಮಾರನಹಳ್ಳಿ ಕಡೆ ಮಳೆ ಬಿಡುವ ಹೊತ್ತಿಗೆ ಅಂಗಳ, ಮೆಟ್ಟಿಲು, ಹೆಂಚು, ಕಾಫಿ ಕಣ ಎಲ್ಲವೂ ಪಾಚಿಯಿಂದ ಹಸಿರಾಗಿರುತ್ತವೆ. ಹಣ್ಣು ಕೊಯ್ಯುವ ಮೊದಲು ಕಣ ಶುಚಿಯಾಗಲೇಬೇಕು. ಪಾಚಿಯ ಮೇಲೆ ಒಣಗಿದ ಕಾಫಿಗೆ ಮುಗ್ಗು ವಾಸನೆ ಅಂಟುತ್ತದೆ. ಪೊರಕೆ ಹಿಡಿದು ಉಜ್ಜಿ ಸೊಂಟ ಬಿದ್ದವರಿಗೆ ಈ ಕೆಲಸದ ಬೆಲೆ ಗೊತ್ತು.

ಅದಕ್ಕೆ ಬೇಕಾದ ಯಂತ್ರ ಎಷ್ಟೋ ತೋಟಗಳ ಶೆಡ್ಡಿನಲ್ಲಿ ಆಗಲೇ ಇದೆ. ಔಷಧಿ ಹೊಡೆಯುವ ಪಂಪು ಅದು. ಅದರೊಳಗೆ ಮೂರು ಪಿಸ್ಟನ್ ಸರದಿಯಲ್ಲಿ ನೀರನ್ನು ತಳ್ಳುತ್ತವೆ, ಹಾಗಾಗಿ ಧಾರೆ ತಡೆಯುವುದಿಲ್ಲ. ಸ್ಪ್ರೇ ಮುಗಿದ ಮೇಲೆ ಪೈಪಿನ ಸುಣ್ಣ ಹೋಗಲೆಂದು ಬರಿ ನೀರು ಬಿಟ್ಟಾಗ ಕಾಲಬುಡದ ಪಾಚಿ ಎದ್ದುಬರುವುದನ್ನು ಮಲೆನಾಡಿನಲ್ಲಿ ಕಂಡವರು ಅನೇಕರು. ಅದೇ ಪಂಪಿನಲ್ಲಿ ಜೀಪು ತೊಳೆಯುವುದೂ ಇಲ್ಲಿ ಹೊಸದಲ್ಲ.

ಆ ಪಂಪು ಹೊಡೆಯುವ ಬೋರ್ಡೋ ದ್ರಾವಣ ಸಿಕ್ಕಿದ್ದೂ ಹೀಗೆ, ಬೇರೆ ಕೆಲಸದ ನಡುವೆ. ಫ್ರಾನ್ಸಿನ ಮೆಡಾಕ್ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ದಾರಿಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಎಲೆಗಳಿಗೆ ಮಾತ್ರ ರೋಗ ಬಂದಿಲ್ಲವೆಂದು 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿಸಿದರು. ಮಲೆನಾಡು ಅವರಿಗೆ ಸಲ್ಲಿಸಿದ ಕೃತಜ್ಞತೆ ಸಾಲದೆಂದೇ ನನಗನ್ನಿಸುತ್ತದೆ.

ಒತ್ತಡದಿಂದ ತೊಳೆಯುವ ಯಂತ್ರದ ಕತೆಯೂ ಇದೇ ಜಾಡಿನದು. 1926ರ ಸುಮಾರಿಗೆ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಫ್ರಾಂಕ್ ಓಫೆಲ್ಟ್ ನೀರು ಕಾಯಿಸುವ ಉಪಕರಣವೊಂದನ್ನು ಪರೀಕ್ಷಿಸುತ್ತಿದ್ದಾಗ, ಚಿಮ್ಮಿದ ಹಬೆ ತಗುಲಿದ ಕಡೆ ನೆಲದ ಗ್ರೀಸು ಕಿತ್ತುಹೋಗಿತ್ತಂತೆ. ಆತ ಕಟ್ಟಿದ ಯಂತ್ರಕ್ಕೆ ‘ಸ್ಟೀಮ್ ಜೆನ್ನಿ’ ಎಂಬ ಹೆಸರಾಯಿತು. 1950ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಕೆರ್ಷರ್ ಯುರೋಪಿನ ಮೊದಲ ಬಿಸಿನೀರಿನ ಒತ್ತಡ ಯಂತ್ರವನ್ನು ತಯಾರಿಸಿದರು.

ಯಂತ್ರ ಕಂಡುಹಿಡಿದವರ ಕತೆ ಅಲ್ಲಿಗೆ ಮುಗಿಯುತ್ತದೆ. ಅದನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕೆನ್ನುವ ಹುಡುಗ ಹುಡುಗಿಯರು ಕಂಡುಕೊಳ್ಳಬೇಕಾದ್ದು ಇನ್ನೂ ಬಹಳವಿದೆ. ತೋಟದ ಪಂಪಿನ ಒತ್ತಡ ಸಾಮಾನ್ಯವಾಗಿ 20ರಿಂದ 40 ಬಾರ್. ತೊಳೆಯಲೆಂದೇ ಮಾಡಿದ ಯಂತ್ರ 100 ದಾಟುತ್ತದೆ. 100 ಬಾರಿನಲ್ಲಿ ನೀರು ನಾಜಲ್ಲಿನಿಂದ ಹೊರಡುವ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಆ ಧಾರೆ ಬೆರಳಿಗೆ ತಗುಲಿದರೆ ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಹಾಳಾಗಿರುತ್ತದೆ. ನೋವಿಲ್ಲವೆಂದು ಮನೆಯಲ್ಲಿ ಕೂರದೆ ಕೂಡಲೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಓಡಬೇಕು. ತರಬೇತಿಯ ಮೊದಲ ಪಾಠ ಇದೇ ಆಗಬೇಕು.

ಉಳಿದದ್ದು ಕೈಹದ. ನಾಜಲ್ಲಿನ ಬಣ್ಣ ಧಾರೆ ಎಷ್ಟು ಅಗಲ ಎಂಬುದನ್ನು ಹೇಳುತ್ತದೆ: ಸಾಮಾನ್ಯವಾಗಿ ಕೆಂಪು ನೇರ ಧಾರೆ, ಬಿಳಿ 40 ಡಿಗ್ರಿ ಹರಡುವಂಥದ್ದು. ಒಂದೂವರೆ ಅಡಿ ದೂರದಿಂದ ಪಾಚಿಯನ್ನಷ್ಟೇ ಎಬ್ಬಿಸುವ ಧಾರೆ, ಹತ್ತಿರ ಹಿಡಿದರೆ ಸಿಮೆಂಟಿನ ಮೈಯನ್ನೇ ಕೀಳುತ್ತದೆ. ಮಂಗಳೂರು ಹೆಂಚನ್ನು ಮೇಲಿನಿಂದ ಕೆಳಕ್ಕೇ ತೊಳೆಯಬೇಕು. ಕೆಳಗಿನಿಂದ ಹೊಡೆದರೆ ಸಂದಿಯಲ್ಲಿ ನುಗ್ಗಿದ ನೀರು ಅಟ್ಟಕ್ಕೆ ಸುರಿಯುತ್ತದೆ. ಹಳೆಯ ಹೆಂಚಿನ ಮೇಲೆ ಕಾಲಿಡುವುದೇ ಬೇಡ. ತೋಟದ ಪಂಪಾದರೆ ಡ್ರಮ್ಮು, ಪೈಪು ಎರಡರಲ್ಲೂ ಮೈಲುತುತ್ತ ಉಳಿಯದಂತೆ ಮೊದಲು ತೊಳೆದುಕೊಳ್ಳಬೇಕು, ಕಾಫಿ ಒಣಗುವ ಕಣ ಅದು.

ವ್ಯವಹಾರದ ಪಾಠಕ್ಕೆ ದೂರ ಹೋಗಬೇಕಿಲ್ಲ. ಘಾಟಿ ಇಳಿದು ಗುಂಡ್ಯ ದಾಟಿ ಧರ್ಮಸ್ಥಳದ ದಾರಿ ಹಿಡಿದರೆ ಉಜಿರೆ. ಅಲ್ಲಿ 1982ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ಊಟ ವಸತಿ ಕೊಟ್ಟು ಉಚಿತವಾಗಿ ಕಲಿಸಿ, ಕಲಿತು ಹೋದವರ ಬೆನ್ನಿಗೆ ನಿಲ್ಲುವ ಆ ಪದ್ಧತಿಯನ್ನೇ ದೇಶದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಮಾದರಿಯಾಗಿಟ್ಟುಕೊಂಡವು. ಲೆಕ್ಕ ಬರೆಯುವುದು, ಬೆಲೆ ಕಟ್ಟುವುದು, ಸಾಲಕ್ಕೆ ಯೋಜನಾ ವರದಿ ಮಾಡುವುದು ಅಲ್ಲಿ ಕಲಿಯುವಂಥವು.

ಬೆಲೆ ಕಟ್ಟುವಾಗ ಡೀಸೆಲ್ಲು, ಪಿಸ್ಟನ್ ಸೀಲು, ಸವೆದ ನಾಜಲ್ಲು, ಜೊತೆಗಾರನ ಕೂಲಿ ಎಲ್ಲ ಸೇರಬೇಕು. ವಾಹನ ತೊಳೆಯುವುದಾದರೆ ಗ್ರೀಸು ತಡೆಯುವ ಗುಂಡಿಯ ಖರ್ಚೂ ಸೇರಬೇಕು. ಈ ಘಾಟಿಯ ನೀರು ಕೆಂಪುಹೊಳೆಗೆ ಇಳಿದು, ಕುಮಾರಧಾರೆ ಸೇರಿ, ನೇತ್ರಾವತಿಯಲ್ಲಿ ಮಂಗಳೂರಿನ ತನಕ ಹೋಗುತ್ತದೆ. ಗುಂಡಿಯಿಲ್ಲದೆ ಲಾರಿ ತೊಳೆಯಲು ಯಾರೂ ಒಪ್ಪಿಕೊಳ್ಳಬಾರದು.