ಔಷಧದಾನ ಒಂದು ದಿನದ ಶಿಬಿರಕ್ಕೆ ಮುಗಿಯದಿರಲಿ

ದಾನಗಳು ನಾಲ್ಕು ಬಗೆ, ಅದರಲ್ಲಿ ಔಷಧದಾನವೂ ಒಂದು ಎಂಬುದನ್ನು ನಮ್ಮ ಮನೆಗಳ ಚಿಕ್ಕ ಮಕ್ಕಳೂ ಬಲ್ಲರು. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಪಾಠಶಾಲೆಯಲ್ಲಿ ಬೆರಳು ಮಡಚಿ ಎಣಿಸುತ್ತಲೇ ನಾವೆಲ್ಲ ಬೆಳೆದವರು. ಮಹಾವೀರ ಜಯಂತಿಗೋ ದಶಲಕ್ಷಣ ಪರ್ವಕ್ಕೋ ಊರಿನಲ್ಲಿ ಉಚಿತ ವೈದ್ಯಕೀಯ ಶಿಬಿರ ಏರ್ಪಡಿಸುವ ಪದ್ಧತಿಯನ್ನೂ ಸಮಾಜ ಬಾಂಧವರು ಅನೇಕ ಕಡೆ ಬೆಳೆಸಿಕೊಂಡು ಬಂದಿದ್ದಾರೆ. ಶಾಮಿಯಾನ ಏಳುತ್ತದೆ, ಪಟ್ಟಣದಿಂದ ಡಾಕ್ಟರರು ಬರುತ್ತಾರೆ, ಮಾತ್ರೆ ಹಂಚುತ್ತೇವೆ, ಊಟ ಬಡಿಸುತ್ತೇವೆ. ಸಂಜೆ ಎಷ್ಟು ಜನ ಬಂದರೆಂದು ಎಣಿಸಿ ಸಂತೋಷಪಡುತ್ತೇವೆ. ಮರುದಿನ ಆ ಜನರ ಗತಿ ಏನಾಯಿತೆಂದು ಕೇಳಿದವರು ಕಡಿಮೆ. ನಾವೂ ಕೇಳಿದವರಲ್ಲ.

ವಯನಾಡಿನ ನಮ್ಮ ಕಾಫಿ ಕಣದಲ್ಲಿ ಪಣಿಯರ ಯುವಕನೊಬ್ಬ ಕೆಲಸಕ್ಕಿದ್ದ. ಹದಿನೈದು ದಿನ ಮೂಟೆ ಹೊತ್ತರೆ ನಾಲ್ಕು ದಿನ ಕಾಣೆಯಾಗುತ್ತಿದ್ದ. ಮಳೆ, ಚಳಿ ಹಿಡಿದಾಗಲಂತೂ ಹೆಚ್ಚು. ಕೇಳಿದರೆ, "ಮೈಕೈಯೆಲ್ಲ ನೋವು ಗೌಡರೇ" ಎನ್ನುವನು. ಕುಡಿದಿರಬೇಕು ಎಂದೆವು, ಸೋಮಾರಿ ಎಂದೆವು, ಕೂಲಿ ಹಿಡಿದೆವು. ಒಮ್ಮೆ ನಮ್ಮದೇ ಶಿಬಿರಕ್ಕೆ ಬಂದಿದ್ದಾಗ ರಕ್ತ ಕಡಿಮೆಯಿದೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸಿದ್ದೂ ಆಯಿತು. ಮುಂದೆ ಒಂದು ರಾತ್ರಿ ಎದೆನೋವಿನಿಂದ ಉಸಿರಾಡಲಾರದೆ ಬಿದ್ದಿದ್ದಾನೆಂದು ಸುದ್ದಿ ಬಂದಾಗ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ರಕ್ತ ಪರೀಕ್ಷೆ ಮಾಡಿಸಿದ ವೈದ್ಯರು ಅದು ಸಿಕಲ್ ಸೆಲ್ ರಕ್ತಹೀನತೆ ಎಂದರು. ಹುಡುಗ ಉಳಿದುಕೊಂಡ. ಹಿಡಿದಿದ್ದ ಕೂಲಿಯನ್ನು ಲೆಕ್ಕ ಹಾಕಿ ಕೊಟ್ಟೆವು. ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಅಷ್ಟು ಸುಲಭವಾಗಲಿಲ್ಲ. ಕ್ಷಮಾವಣಿಯ ದಿನ ನೆಂಟರಿಷ್ಟರಿಗೆಲ್ಲ ಕೈಮುಗಿದು ಕ್ಷಮೆ ಕೇಳುವ ನಾವು ಕಣದಲ್ಲಿ ದುಡಿಯುವವರನ್ನು ಎಂದೂ ಕೇಳಿರಲಿಲ್ಲವೆಂಬುದು ಅಂದು ಹೊಳೆಯಿತು.

ಸೋಮಾರಿತನವಲ್ಲ, ರಕ್ತದ ದೋಷ

ನಮ್ಮ ರಕ್ತದ ಕೆಂಪುಕಣಗಳು ಸಹಜವಾಗಿ ದುಂಡಗೆ, ಮೆತ್ತಗೆ ಇದ್ದು ಸಣ್ಣ ನಾಳಗಳಲ್ಲೂ ನುಸುಳಿ ಹೋಗುತ್ತವೆ. ಈ ರೋಗವಿರುವವರಲ್ಲಿ ಅವು ಕುಡುಗೋಲಿನಂತೆ ಬಾಗಿ, ಗಡುಸಾಗಿ, ಒಂದಕ್ಕೊಂದು ಸಿಕ್ಕಿಕೊಂಡು ನಾಳವನ್ನು ಕಟ್ಟುತ್ತವೆ. ರಕ್ತ ತಲುಪದ ಕಡೆ ತಡೆಯಲಾರದ ನೋವು. ಕಣಗಳು ಬೇಗ ಒಡೆದುಹೋಗುವುದರಿಂದ ರಕ್ತಹೀನತೆ. ಕಬ್ಬಿಣಾಂಶದ ಕೊರತೆಯಿಂದ ಬಂದ ರಕ್ತಹೀನತೆ ಇದಲ್ಲವಾದ್ದರಿಂದ, ಅಂಥ ಮಾತ್ರೆಯಿಂದ ಇದು ವಾಸಿಯಾಗುವುದಿಲ್ಲ. ಚಳಿ, ಜ್ವರ, ನೀರು ಕಡಿಮೆ ಕುಡಿಯುವುದು, ಮೈಮುರಿಯುವ ದುಡಿಮೆ, ಇವೆಲ್ಲ ನೋವನ್ನು ಕೆರಳಿಸುತ್ತವೆ. ಮಳೆಯಲ್ಲಿ ನೆನೆದು ಮೂಟೆ ಹೊರುವವನಿಗೆ ಇದರಲ್ಲಿ ಯಾವುದು ತಪ್ಪೀತು?

ಇದು ಅಂಟುರೋಗವಲ್ಲ, ತಂದೆತಾಯಿಯರಿಂದ ಬರುವಂಥದು. ತಂದೆತಾಯಿ ಇಬ್ಬರಲ್ಲೂ ದೋಷದ ಅಂಶ ಒಂದೊಂದು ಪಾಲು ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದೇ ಪಾಲು ಇದ್ದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಆದ್ದರಿಂದಲೇ ಮದುವೆಗೆ ಮುಂಚೆ ಪರೀಕ್ಷೆ ಮಾಡಿಸಿ ಸಲಹೆ ಪಡೆಯುವುದು ಮುಖ್ಯ. ನಮ್ಮ ದೇಶದಲ್ಲಿ ಈ ದೋಷವನ್ನು ಮೊದಲು ಗುರುತಿಸಿದ್ದು ದೂರದಲ್ಲೆಲ್ಲೋ ಅಲ್ಲ, 1952ರಲ್ಲಿ, ಪಕ್ಕದ ನೀಲಗಿರಿಯ ಗಿರಿಜನರಲ್ಲಿ. ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ಅದನ್ನು ಪ್ರಕಟಿಸಿದರು. ಇಷ್ಟು ಹಳೆಯ ತಿಳಿವಳಿಕೆ ನಮ್ಮ ಕಣದ ಹುಡುಗನ ತನಕ ಏಕೆ ಬಂದು ಮುಟ್ಟಲಿಲ್ಲ?

ದೂರವೆಂದರೆ ಮೈಲಿಯಷ್ಟೇ ಅಲ್ಲ

2011ರ ಜನಗಣತಿಯಂತೆ ವಯನಾಡು ಜಿಲ್ಲೆಯ ಜನಸಂಖ್ಯೆ 8.17 ಲಕ್ಷ. ಅವರಲ್ಲಿ ನೂರಕ್ಕೆ 18ಕ್ಕೂ ಹೆಚ್ಚು ಮಂದಿ ಗಿರಿಜನರು. ಬಹುಕಾಲ ದೊಡ್ಡ ಕಾಯಿಲೆಯೆಂದರೆ ಒಂಬತ್ತು ತಿರುವುಗಳ ತಾಮರಶ್ಶೇರಿ ಘಾಟಿ ಇಳಿದು ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿಗೆ ಹೋಗಬೇಕಿತ್ತು. 2021ರಲ್ಲಿ ಮಾನಂದವಾಡಿಯ ಜಿಲ್ಲಾ ಆಸ್ಪತ್ರೆಯನ್ನು ಮೆಡಿಕಲ್ ಕಾಲೇಜು ಆಸ್ಪತ್ರೆಯಾಗಿ ಮೇಲಕ್ಕೇರಿಸಲಾಯಿತು. ಒಳ್ಳೆಯದೇ ಆಯಿತು. ಆದರೆ ದೂರವನ್ನು ಮೈಲಿಗಳಲ್ಲಿ ಮಾತ್ರ ಅಳೆದರೆ ಲೆಕ್ಕ ತಪ್ಪುತ್ತದೆ.

ದಿನಗೂಲಿಯವನು ಆಸ್ಪತ್ರೆಗೆ ಹೋದ ದಿನ ಕೂಲಿಯಿಲ್ಲ. ಜೊತೆಗೆ ಹೋದವರಿಗೂ ಇಲ್ಲ. ಔಷಧ ಉಚಿತವಾದರೂ ಬಸ್ಸಿನ ಚಾರ್ಜು ಉಚಿತವಲ್ಲ. ಮಕ್ಕಳನ್ನು ಯಾರಿಗೆ ಒಪ್ಪಿಸಿ ಹೋಗುವುದು? ಚೀಟಿ ಬರೆಸುವ ಕಿಟಕಿಯ ಮುಂದೆ ಗದರಿಸಿಕೊಂಡವನು ಇನ್ನೊಮ್ಮೆ ಆ ಕಡೆ ಕಾಲಿಡುವನೇ? ಪಣಿಯರಿಗೆ ಅವರದೇ ಆದ ಮಾತಿದೆ. ಕಾಟುನಾಯಕರ ಮಾತಂತೂ ನಮ್ಮ ಕನ್ನಡಕ್ಕೆ ಹತ್ತಿರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲೆಯಾಳ ಆಡಿ ಬೆಳೆದ ನಮಗೆ, ನೋವನ್ನು ಪರರ ಭಾಷೆಯಲ್ಲಿ ಹೇಳುವ ಕಷ್ಟ ಹೊಸದಲ್ಲ.

ಇನ್ನೊಂದು ದೂರ ಹಳೆಯದು. ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ಪಣಿಯರನ್ನು ವರ್ಷದ ದುಡಿಮೆಗೆ ಹಿಡಿದಿಡುವ ಪದ್ಧತಿ ಹಿಂದೆ ಇತ್ತು. ಜೀತ ರದ್ದಾಗುವ ಕಾನೂನು ಬಂದದ್ದು 1976ರಲ್ಲಿ. ಭೂಮಿಯಿದ್ದವರ ಮುಂದೆ ತಲೆತಗ್ಗಿಸಿ ನಿಲ್ಲುವ ರೂಢಿ ಕಾನೂನಿನೊಡನೆ ಹೋಗಲಿಲ್ಲ. ಅವರು ತಮ್ಮ ನೋವನ್ನು ನಮಗೆ ಬಿಡಿಸಿ ಹೇಳದಿದ್ದರೆ ತಪ್ಪು ಅವರದಷ್ಟೇ ಅಲ್ಲ.

ಮನೆಬಾಗಿಲಿಗೆ ಹೋದವರು

ಈ ದೂರವನ್ನು ಕಡಿಮೆ ಮಾಡಿದವರು ನಮ್ಮ ನೆರೆಯಲ್ಲೇ ಇದ್ದಾರೆ. ಕಲ್ಪಟ್ಟದ ಬಳಿಯ ಮುಟ್ಟಿಲಿನಲ್ಲಿ ಸ್ವಾಮಿ ವಿವೇಕಾನಂದ ಮೆಡಿಕಲ್ ಮಿಷನ್ 1972ರಲ್ಲಿ ಆರಂಭವಾಯಿತು. 1980ರಲ್ಲಿ ನಾಗಪುರದಿಂದ ಬಂದ ಡಾ. ಧನಂಜಯ ಸಗದೇವ್ ಅಲ್ಲೇ ನೆಲೆ ನಿಂತರು. ಗಿರಿಜನರ ನೋವಿನ ಹಿಂದೆ ಸಿಕಲ್ ಸೆಲ್ ಇದೆಯೆಂಬುದನ್ನು ವಯನಾಡಿನಲ್ಲಿ ಬೆಳಕಿಗೆ ತಂದವರಲ್ಲಿ ಅವರು ಪ್ರಮುಖರು. 2021ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಬತ್ತೇರಿಯಿಂದ ತಮಿಳುನಾಡಿನ ಗಡಿ ದಾಟಿದರೆ ಗೂಡಲೂರು. ಅಲ್ಲಿ 1986ರಲ್ಲಿ ಆರಂಭವಾದ ಅಕಾರ್ಡ್ ಸಂಸ್ಥೆ ಗಿರಿಜನರ ಭೂಮಿಯ ಹಕ್ಕಿನಿಂದ ಕೆಲಸ ತೊಡಗಿ ಆರೋಗ್ಯಕ್ಕೆ ಬಂತು. ಆಸ್ಪತ್ರೆಯ ಕಟ್ಟಡಕ್ಕೆ ಮುಂಚೆ ಅವರು ಹಾಡಿಗಳಿಂದಲೇ ಹೆಣ್ಣುಮಕ್ಕಳನ್ನು ಆರಿಸಿ ತರಬೇತಿ ಕೊಟ್ಟರು. ಗರ್ಭಿಣಿಯರ ತೂಕ, ಮಗುವಿನ ಭೇದಿ, ಚುಚ್ಚುಮದ್ದು, ಇವನ್ನು ತಮ್ಮದೇ ಮಾತಿನಲ್ಲಿ ವಿಚಾರಿಸುವವರು ಊರೊಳಗೇ ಸಿದ್ಧರಾದರು. 1990ರಲ್ಲಿ ಆಸ್ಪತ್ರೆ ಆರಂಭವಾದಾಗ ಡಾ. ಶೈಲಾದೇವಿ ಮತ್ತು ಡಾ. ನಂದಕುಮಾರ್ ಮೆನನ್ ದಂಪತಿ ಅದರ ಹೊಣೆ ಹೊತ್ತರು. ಗಿರಿಜನ ಹುಡುಗಿಯರೇ ಅಲ್ಲಿ ದಾದಿಯರಾದರು. ಚೀಟಿ ಬರೆಸುವಲ್ಲಿ, ವಾರ್ಡಿನಲ್ಲಿ, ಎಲ್ಲೆಲ್ಲೂ ತಮ್ಮವರೇ ಕಂಡಾಗ ರೋಗಿಗೆ ಅಂಜಿಕೆ ಎಲ್ಲಿಯದು?

ವ್ಯಾಪಾರಸ್ಥರಾದ ನಮ್ಮ ಗಮನ ಸೆಳೆದದ್ದು ಅವರ ಇನ್ನೊಂದು ಹೆಜ್ಜೆ. 1992ರಲ್ಲಿ ನ್ಯೂ ಇಂಡಿಯಾ ಅಶೂರೆನ್ಸ್ ಕಂಪನಿಯೊಡನೆ ಮಾತಾಡಿ ಗಿರಿಜನ ಸಂಘದ ಸದಸ್ಯರಿಗೆ ಆರೋಗ್ಯ ವಿಮೆ ಮಾಡಿಸಿದರು. ಕೂಲಿಯ ಕುಟುಂಬಗಳೂ ತಮ್ಮ ಪಾಲಿನ ಚಿಕ್ಕ ಮೊತ್ತವನ್ನು ಕಟ್ಟಿದವು. ಅಂಗಡಿಗೂ ಗೋದಾಮಿಗೂ ವಿಮೆ ಮಾಡಿಸಿ ನೆಮ್ಮದಿಯಾಗಿ ನಿದ್ರಿಸುವ ನಾವು, ಆ ಗೋದಾಮಿನಲ್ಲಿ ಮೂಟೆ ಹೊರುವವನ ಬಗ್ಗೆ ಹೀಗೆ ಯೋಚಿಸಿದ್ದೇವೆಯೇ? ಕಟ್ಟಿದ ಪಾಲು ಇದ್ದುದರಿಂದ ಅವರು ಆಸ್ಪತ್ರೆಗೆ ಭಿಕ್ಷೆಗೆ ಬಂದವರಂತೆ ಬರಲಿಲ್ಲ, ತಮ್ಮ ಆಸ್ಪತ್ರೆಗೆ ಬಂದಂತೆ ಬಂದರು. ದಾನ ಕೊಡುವವರು ನೆನಪಿಡಬೇಕಾದ ಮಾತಿದು.

ನಮ್ಮಿಂದಾಗುವ ಕೆಲಸ

ಸರ್ಕಾರವೂ ಮುಂದೆ ಬಂದಿದೆ. 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಯೋಜನೆ ಆರಂಭವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ, 2047ರೊಳಗೆ ನಿರ್ಮೂಲನೆ, ಇದು ಅದರ ಗುರಿ. ಪರೀಕ್ಷೆಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಗೊತ್ತಾದ ಮೇಲೆ ಫೋಲಿಕ್ ಆಮ್ಲದ ಮಾತ್ರೆ, ವೈದ್ಯರು ಹೇಳಿದವರಿಗೆ ಹೈಡ್ರಾಕ್ಸಿಯೂರಿಯಾ, ಸಾಕಷ್ಟು ನೀರು, ಬೆಚ್ಚನೆಯ ಹೊದಿಕೆ, ಜ್ವರ ಬಂದೊಡನೆ ಚಿಕಿತ್ಸೆ ಬೇಕು. ಆದರೆ ಇವೆಲ್ಲ ತಪ್ಪದೆ, ವರ್ಷಾನುಗಟ್ಟಲೆ ನಡೆಯಬೇಕು. ಒಂದು ದಿನದ ಶಿಬಿರ ಸೋಲುವುದು ಇಲ್ಲಿಯೇ. ನಿತ್ಯ ಅಂಗಡಿ ತೆರೆಯುವ ನಮ್ಮಂಥವರು ಗೆಲ್ಲಬಹುದಾದದ್ದೂ ಇಲ್ಲಿಯೇ.

ಕಣ, ಗೋದಾಮು, ತೋಟಗಳಲ್ಲಿ ದುಡಿಯುವವರು ಆಸ್ಪತ್ರೆಗೆ ಹೋದ ದಿನದ ಕೂಲಿ ಹಿಡಿಯದಿರೋಣ. ತಿಂಗಳಿಗೊಮ್ಮೆ ಔಷಧ ತರುವ ದಿನ ಅಂಗಡಿಯ ಜೀಪು ಅವರಿಗಿರಲಿ. ಪರೀಕ್ಷೆಯ ಫಲ ಅವರದೇ, ಅದನ್ನು ಊರಿಗೆಲ್ಲ ಸಾರಬಾರದು, ಅದನ್ನೇ ನೆಪ ಮಾಡಿ ಕೆಲಸದಿಂದ ಬಿಡಿಸಬಾರದು. ಹಗುರ ಕೆಲಸ ಕೊಡಬೇಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚ ಸಿಗುತ್ತದೆ. ಲೆಕ್ಕಪತ್ರ ಬರೆದು ಪಳಗಿದ ನಮ್ಮ ಮಕ್ಕಳು ಅವರ ಕಾಗದಪತ್ರ ಸರಿಮಾಡಿಸಿ ಕಾರ್ಡು ಕೊಡಿಸಲು ಒಂದು ಭಾನುವಾರ ಸಾಲದೇ? ಶ್ರಾವಿಕೆಯರು ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರ ಊಟದ ಹೊಣೆ ಹೊರಬಹುದು. ತರುಣರು ರಕ್ತ ಕೊಡಬಹುದು.

ವಯನಾಡಿನಲ್ಲಿ ಸಿಕಲ್ ಸೆಲ್ ಇದ್ದರೆ ಇನ್ನೊಂದು ಊರಿನಲ್ಲಿ ಕ್ಷಯವೋ ಬಾಣಂತಿಯ ನಂಜೋ ಇರಬಹುದು. ಜತ್ತ, ಅಕ್ಕಲಕೋಟೆ, ಆದೋನಿ, ರಾಯದುರ್ಗದ ಬಾಂಧವರು ತಮ್ಮ ಅಂಗಡಿಯ ಹಮಾಲನನ್ನೇ ಮೊದಲು ವಿಚಾರಿಸಿ ನೋಡಲಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಔಷಧದಾನದ ಇನ್ನೊಂದು ಪೆಟ್ಟಿಗೆ ಇರಲಿ, ಅದಕ್ಕೆ ಬೇರೆ ಖಾತೆ ಇರಲಿ. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕ ತೆರೆಯುವಾಗ ಆ ಖಾತೆಯನ್ನೂ ಓದೋಣ.

ನಮ್ಮ ಕಣದ ಹುಡುಗ ಈಗ ಮೂಟೆ ಹೊರುವುದಿಲ್ಲ, ತಕ್ಕಡಿಯ ಬಳಿ ನಿಂತು ತೂಕ ಬರೆದುಕೊಳ್ಳುತ್ತಾನೆ. ತಿಂಗಳ ಮೊದಲ ವಾರ ಔಷಧಕ್ಕೆ ಹೋಗುವ ದಿನವನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಅವನೇ ಗುರುತು ಮಾಡಿಡುತ್ತಾನೆ. ಅಷ್ಟಮಿ, ಚತುರ್ದಶಿಗಳ ಗುರುತಿನ ಪಕ್ಕದಲ್ಲೇ ಅದೂ ಇದೆ.