ಪರದೆಯ ಮೇಲಿನ ಅಂಕಿ ತಡವಾಗಿ ಬದಲಾಗುವುದೇಕೆ?



ಹಂಗಾಮಿನ ಭರದಲ್ಲಿ ಕಂಟ್ರೋಲ್ ರೂಮಿಗೆ ಬಂದವರು ಗಣಕಯಂತ್ರದ ಪರದೆ ನೋಡಿ, "ಸಾಹೇಬ್ರ, ಅಂಕಿ ಯಾಕ ನಿಂತಾವ? ಹೊಸಾ ಕಂಪ್ಯೂಟರ್ ತರಬಾರದೇನ್ರಿ?" ಎಂದು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಆದರೆ ಹೊಸ ಯಂತ್ರಕ್ಕೆ ಹೋಗುವ ಹಣ ಸಭಾಸದರದೇ. ಆದ್ದರಿಂದ ತಡ ಎಲ್ಲಿ ಆಗುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು.

ಗಾಣವನ್ನು ನಡೆಸುವುದು ಆ ಗಣಕಯಂತ್ರವಲ್ಲ. ಚೂಟ್‌ನಲ್ಲಿ ಕಬ್ಬಿನ ಮಟ್ಟ ಅಳೆದು ಕ್ಯಾರಿಯರಿನ ವೇಗ ಹೊಂದಿಸುವುದು ಗಾಣದ ಬಳಿಯ ಪಿ.ಎಲ್.ಸಿ. ಎಂಬ ನಿಯಂತ್ರಕ. ಗಣಕಯಂತ್ರ ಅದರಿಂದ ಅಂಕಿ ಕೇಳಿ ತೋರಿಸುತ್ತದೆ. ಆಪರೇಟರ್ ಕೊಟ್ಟ ಆಜ್ಞೆಯನ್ನು ಅದಕ್ಕೆ ಮುಟ್ಟಿಸುತ್ತದೆ. ಪರದೆ ನಿಧಾನವಾದರೂ ಗಾಣ ತಿರುಗುತ್ತಲೇ ಇರುತ್ತದೆ. ಅಪಾಯ ಬೇರೆ ಕಡೆ ಇದೆ. ಹಳೆಯ ಅಂಕಿ ನೋಡಿ ಕಬ್ಬು ಕಡಿಮೆಯಾಯಿತೆಂದು ಆಪರೇಟರ್ ವೇಗ ಹೆಚ್ಚಿಸಿದರೆ ಕಬ್ಬು ಸಿಕ್ಕಿಕೊಂಡು ಗಾಣ ನಿಲ್ಲಬಹುದು. ಆಗ ಯಾರ್ಡಿನಲ್ಲಿ ನಿಂತ ಗಾಡಿಯ ಕಬ್ಬು ಒಣಗಿ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ.

ಈ ಕೇಳುವ-ಹೇಳುವ ಕ್ರಮಕ್ಕೆ ಅನೇಕ ಕಾರಖಾನೆಗಳಲ್ಲಿ ಬಳಕೆಯಲ್ಲಿರುವುದು ಮಾಡ್‌ಬಸ್. ಅಮೆರಿಕದ ಮಾಡಿಕಾನ್ ಕಂಪನಿ 1979ರಲ್ಲಿ ಇದನ್ನು ಹೊರತಂದಿತು. ಇದು ಮುಕಾದಮ ಟೋಳಿಯ ಹಾಜರಿ ಕೂಗಿದಂತೆ. ಒಬ್ಬೊಬ್ಬರ ಹೆಸರು ಕೂಗಬೇಕು, ಓ ಎಂದ ಮೇಲೆ ಮುಂದಿನವರ ಹೆಸರು. ಬಾರದವನ ಹೆಸರು ಕೂಗಿ ಕಾದು ನಿಂತರೆ ಇಡೀ ಹಾಜರಿಯೇ ತಡ.

ಲೆಕ್ಕ ನೋಡಿರಿ. ಒಂದು ಸಾಧನದಿಂದ 10 ಅಂಕಿ ತರಿಸಲು ಪ್ರಶ್ನೆ, ಉತ್ತರ ಸೇರಿ 33 ಬೈಟ್. ಬೈಟಿಗೆ 11 ಬಿಟ್‌ನಂತೆ 363 ಬಿಟ್. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಇದಕ್ಕೆ ಸುಮಾರು 38 ಮಿಲಿಸೆಕೆಂಡು. ನಡುವಿನ ವಿರಾಮ ಸೇರಿಸಿ 50 ಎಂದು ಹಿಡಿಯೋಣ. 20 ಸಾಧನಗಳ ಸುತ್ತು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದೇ ಒಂದು ಸಾಧನ ಕೆಟ್ಟು, ಅದಕ್ಕಾಗಿ ಒಂದೊಂದು ಸೆಕೆಂಡಿನಂತೆ ಮೂರು ಸಲ ಕಾದರೆ ಸುತ್ತಿಗೆ ನಾಲ್ಕು ಸೆಕೆಂಡು. ಎರಡು ಕೆಟ್ಟರೆ ಏಳು. ಎಷ್ಟು ಬೆಲೆಯ ಗಣಕಯಂತ್ರ ತಂದಿಟ್ಟರೂ ಅದು ಅಷ್ಟೇ ಹೊತ್ತು ಕಾಯಬೇಕು.

ಆದ್ದರಿಂದ ಮೊದಲು ಉತ್ತರ ಕೊಡದ ಸಾಧನವನ್ನು ಹುಡುಕಿ, ದುರಸ್ತಿಯಾಗುವವರೆಗೆ ಪಟ್ಟಿಯಿಂದ ತೆಗೆಯಬೇಕು. ಆಮೇಲೆ ತಂತಿ. ನನ್ನ ತಿಳಿವಳಿಕೆಯಂತೆ ಹೆಚ್ಚಿನ ದೋಷ ಇಲ್ಲಿಯೇ. ಆರ್.ಎಸ್.-485 ಎಂಬ ಹೊಸೆದ ಜೋಡಿತಂತಿ 1200 ಮೀಟರಿನವರೆಗೆ ಸಂಕೇತ ಒಯ್ಯಬಲ್ಲದು. ಆದರೆ ಸಾಧನದಿಂದ ಸಾಧನಕ್ಕೆ ಸರಪಳಿಯಂತೆ ಹೋಗಬೇಕು, ನಡುವೆ ಉದ್ದ ಕವಲು ಒಡೆಯಬಾರದು. ಎರಡೂ ತುದಿಗೆ 120 ಓಮ್ ತಡೆ ಇರಬೇಕು. ಇಲ್ಲದಿದ್ದರೆ ಕಾಲುವೆಯ ತೂಬಿಗೆ ಬಡಿದ ನೀರಿನಂತೆ ಸಂಕೇತ ಹಿಂದಕ್ಕೆ ಮರಳಿ ಮುಂದೆ ಬರುವುದನ್ನು ಕದಡುತ್ತದೆ. ವಿದ್ಯುತ್ ತೆಗೆದು ಎರಡು ತಂತಿಗಳ ನಡುವೆ ಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ತುದಿಯ ತಡೆ ಇಲ್ಲ, ಅಥವಾ ತಂತಿ ಎಲ್ಲೋ ಕಡಿದಿದೆ. ಮೋಟಾರಿನ ವೇಗ ಬದಲಿಸುವ ಡ್ರೈವ್‌ಗಳ ಕೇಬಲ್ ಪಕ್ಕದಲ್ಲಿಯೇ ಈ ತಂತಿ ಎಳೆದಿದ್ದರೆ ಅದನ್ನು ದೂರ ಸರಿಸಬೇಕು. ಕದಡಿದ ಪ್ರಶ್ನೆಗೆ ಸಾಧನ ಉತ್ತರಿಸುವುದೇ ಇಲ್ಲ. ಮತ್ತೆ ಅದೇ ಕಾಯುವಿಕೆ.

ತಂತಿ ಸರಿಯಿದ್ದರೆ ಮಾತ್ರ ಕೇಳುವ ಕ್ರಮ ನೋಡಬೇಕು. ಹತ್ತು ಅಂಕಿಗೆ ಹತ್ತು ಸಲ ಕೇಳುವ ಬದಲು ಸಾಲಾಗಿರುವುದನ್ನು ಒಮ್ಮೆಗೇ ಕೇಳಬಹುದು. ವೇಗವನ್ನು 19200ಕ್ಕೆ ಏರಿಸುವುದಾದರೆ ಎಲ್ಲ ಸಾಧನಗಳಲ್ಲಿಯೂ ಏರಿಸಬೇಕು. ಒಂದು ಉಳಿದರೂ ಅದು ಮೂಕವಾಗುತ್ತದೆ.

ಇನ್ನು ವಜನ ಕಾಟಾದ ಮಾತು. ಅಲ್ಲಿ ತೂಕ ಅಳೆಯುವುದು ವೇದಿಕೆಯ ಕೆಳಗಿನ ಲೋಡ್ ಸೆಲ್. ಅಂಕಿ ತೋರಿಸುವುದು ಇಂಡಿಕೇಟರ್. ಅಲ್ಲಿಂದ ಗಣಕಯಂತ್ರಕ್ಕೆ ಅಂಕಿ ತಡವಾಗಿ ಬಂದ ಮಾತ್ರಕ್ಕೆ ಗಾಡಿಯ ತೂಕ ಕಡಿಮೆಯಾಗದು. ಆದರೂ ಗಾಡಿ ಅಲುಗದೆ ನಿಂತು ಅಂಕಿ ಸ್ಥಿರವಾದಾಗ ಇಂಡಿಕೇಟರ್ ನೋಡಿಕೊಳ್ಳಿರಿ. ಚೀಟಿಯಲ್ಲಿ ಅದೇ ಅಂಕಿ ಇರಬೇಕು. ವ್ಯತ್ಯಾಸ ಕಂಡರೆ ಗಾಡಿ ಇಳಿಸುವ ಮೊದಲೇ ಹೇಳಿ ಮರುತೂಕ ಮಾಡಿಸಿಕೊಳ್ಳಿರಿ.