ಪಾದ್ರಿಗಳಿಗೆ ಹೇಳಿದರೆ ಪಾಪ ಹೋಯಿತೇ?

ಪ್ರಶ್ನೆ: ನಮ್ಮ ನೆರೆಯ ಕ್ರೈಸ್ತರು ಪಾದ್ರಿಗಳ ಬಳಿ ಪಾಪ ನಿವೇದನೆ ಮಾಡುತ್ತಾರೆ. ಅವರಲ್ಲಿ ಪಾಪವೆಂದರೆ ಏನು? ಹೇಳಿದರೆ ಮುಗಿಯಿತೇ?
— ಓದುಗರು, ವಾಮದಪದವು

ಉತ್ತರ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯ ಕ್ರೈಸ್ತರಲ್ಲಿ ಹೆಚ್ಚಿನವರು ಕೊಂಕಣಿ ಮಾತಾಡುವ ಕಥೋಲಿಕರು. ಈ ನಿವೇದನೆಗೆ ಅವರು ಕುಮ್ಸಾರ್ ಎನ್ನುತ್ತಾರೆ. ಕ್ರೈಸ್ತರಿಗೆ ಪಾಪವೆಂದರೆ ಬರೀ ನಿಯಮ ಮುರಿಯುವುದಲ್ಲ, ದೇವರ ಜೊತೆಗಿನ, ನೆರೆಯವರ ಜೊತೆಗಿನ ಸಂಬಂಧ ಕೆಡಿಸಿಕೊಳ್ಳುವುದು. ಮಾಡಬೇಕಾದ ಒಳ್ಳೆಯದನ್ನು ಮಾಡದಿರುವುದೂ ಪಾಪವೇ. ಜನ್ಮಪಾಪ ಬೇರೆ: ಅದು ಮಗು ಮಾಡಿದ ತಪ್ಪಲ್ಲ, ಮನುಷ್ಯಕುಲಕ್ಕೆ ಆದಾಮನಿಂದ ಬಂದ ಸ್ಥಿತಿ.

ಕಥೋಲಿಕರು ಮಾರಕ ಪಾಪ, ಲಘು ಪಾಪ ಎಂದು ಬೇರ್ಪಡಿಸುತ್ತಾರೆ. ವಿಷಯ ಗಂಭೀರವಾಗಿರಬೇಕು, ಅದು ಪಾಪವೆಂದು ತಿಳಿದಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಈ ಮೂರೂ ಸೇರಿದರೆ ಮಾತ್ರ ಮಾರಕ. ಮನುಷ್ಯನ ಮನಸ್ಸನ್ನು ಇಷ್ಟು ಸೂಕ್ಷ್ಮವಾಗಿ ತೂಗುವುದು ನನಗೆ ಬಹಳ ಹಿಡಿಸಿದ ಸಂಗತಿ. ವರ್ಷಕ್ಕೊಮ್ಮೆಯಾದರೂ ನಿವೇದನೆ ಮಾಡಬೇಕೆಂದು ಕಥೋಲಿಕ ಚರ್ಚಿನ 1215ರ ಲ್ಯಾಟರನ್ ಮಹಾಸಭೆ ವಿಧಿಸಿತು. ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟ್ ಪರಂಪರೆಯಲ್ಲಿ ಇಂಥ ಕಡ್ಡಾಯವಿಲ್ಲ; ಅಲ್ಲಿ ನೇರವಾಗಿ ದೇವರಲ್ಲೇ ಅರಿಕೆ.

ಕಥೋಲಿಕರಲ್ಲೂ ಪಾದ್ರಿಗೆ ಹೇಳಿದರೆ ಮುಗಿಯುವುದಿಲ್ಲ. ನಿಜವಾದ ಪಶ್ಚಾತ್ತಾಪ ಬೇಕು, ಮತ್ತೆ ಮಾಡೆನೆಂಬ ನಿರ್ಧಾರ ಬೇಕು, ಪಾದ್ರಿ ಹೇಳಿದ ಪ್ರಾಯಶ್ಚಿತ್ತ ಸಲ್ಲಿಸಬೇಕು. ಪಕ್ಕದ ತೋಟದ ಅಡಿಕೆ ಕದ್ದವನು ಅಡಿಕೆಯನ್ನೋ ಅದರ ಬೆಲೆಯನ್ನೋ ತೋಟದವರಿಗೆ ಮುಟ್ಟಿಸಬೇಕು.